ಮುಟ್ಟದೆ ಹಾಡುವ ಸೂಜಿ

ನನಗೆ ಆಗ ಎಪ್ಪತ್ತೊಂದು ವರ್ಷ. ಅದಾಗಿ ಈಗ ಮೂರು ವರ್ಷ ಕಳೆಯಿತು. ವಯಸ್ಸು ಮೊದಲೇ ಹೇಳುವುದು ಯಾಕೆಂದರೆ, ಮುಂದೆ ನಾನು ಮಾಡಿದ ಕೆಲಸ ಓದಿ ನೀವು "ಪಾಪ, ಸಣ್ಣ ಪ್ರಾಯ, ಬುದ್ಧಿ ಇರಲಿಲ್ಲ" ಎಂದು ಬಿಟ್ಟುಬಿಡಬಾರದು. ಪ್ರಾಯ ಇತ್ತು. ಬುದ್ಧಿಯೂ ಉಂಟು ಎಂದು ನಾನೇ ಊರಿಡೀ ಹೇಳಿಕೊಂಡು ತಿರುಗುತ್ತಿದ್ದೆ.

ಇವತ್ತು ಕಪಾಟಿನ ಅಡಿ ಗುಡಿಸುವಾಗ ಒಂದು ಖಾಲಿ ಕ್ಯಾಸೆಟ್ ಡಬ್ಬಿ ಸಿಕ್ಕಿತು. ಮುಚ್ಚಳ ಒಡೆದಿದೆ. ಮೂಲೆಗೆ ಕೆಂಪು ನೂಲು ಸುತ್ತಿದೆ. ಬೇರೆಯವರಿಗೆ ಅದು ಕಸ. ನನಗೆ ಅದು ಓದಲಿಕ್ಕೆ ಬರುವ ಬರಹ. ಕೆಂಪು ನೂಲು ಎಂದರೆ ಮದುವೆ.

ನಮ್ಮದು ಕಾಪುವಿನಲ್ಲಿ ಮೈಕ್‌ಸೆಟ್ಟಿನ ವ್ಯಾಪಾರ. ನಮ್ಮ ಮನೆಯವರು ಒಂದು ಆಂಪ್ಲಿಫೈಯರ್, ಎರಡು ಹಾರನ್ ಇಟ್ಟುಕೊಂಡು ಸುರು ಮಾಡಿದ್ದು. ಮದುವೆ, ಗೃಹಪ್ರವೇಶ, ಭೂತದ ಕೋಲ, ಕ್ರಿಶ್ಚಿಯನ್ನರ ಇಗರ್ಜಿಯ ಹಬ್ಬ, ಶಾಲೆಯ ವಾರ್ಷಿಕೋತ್ಸವ, ಎಲ್ಲಿಗೆ ಕರೆದರೂ ಹೋಗುತ್ತಿದ್ದರು. ಹಿಂದಿನಿಂದ ಕ್ಯಾಸೆಟ್ಟಿನ ಪೆಟ್ಟಿಗೆ ಹೊತ್ತುಕೊಂಡು ನಾನು. ನಾನು ಶಾಲೆಗೆ ಹೋದದ್ದು ಎರಡನೇ ಕ್ಲಾಸಿನ ತನಕ. ಬಸ್ಸಿನ ಬೋರ್ಡು ಓದಲಿಕ್ಕೆ ಬರ್ತದೆ, ಕ್ಯಾಸೆಟ್ಟಿನ ಬೆನ್ನಿನ ಮೇಲಿನ ಸಣ್ಣ ಅಕ್ಷರ ಓದುವಷ್ಟರಲ್ಲಿ ಮದುಮಗ ಮಂಟಪಕ್ಕೆ ಬಂದು ಕೂತಾಗಿರ್ತದೆ. ಹಾಗಾಗಿ ನೂಲು ಸುತ್ತಿದೆ. ಕೆಂಪು ಮದುವೆಗೆ, ಹಳದಿ ಪೂಜೆಗೆ, ಬಿಳಿ ಇಗರ್ಜಿಯ ಕಾರ್ಯಕ್ಕೂ ಸಾವಿನ ಮನೆಗೂ. ನಾವೇ ಕಾರ್ಯಕ್ರಮದಲ್ಲಿ ಕೂತು ರೆಕಾರ್ಡ್ ಮಾಡಿಕೊಂಡದ್ದಾದರೆ ಡಬ್ಬಿಗೆ ಚೂರಿಯಿಂದ ಒಂದು ಗೀರು. ಹದಿನೆಂಟು ನೂರು ಕ್ಯಾಸೆಟ್ ಇತ್ತು. ಅವರು ಹಿಂದೆ ನೋಡದೆ ಕೈ ಚಾಚುತ್ತಿದ್ದರು, ನಾನು ಬೇಕಾದ್ದನ್ನು ಇಡುತ್ತಿದ್ದೆ.

ತಪ್ಪಲೇ ಇಲ್ಲ ಎಂದು ಹೇಳುವುದಿಲ್ಲ. ಒಮ್ಮೆ ಆದಿ ಉಡುಪಿಯಲ್ಲಿ ಒಂದು ಗೃಹಪ್ರವೇಶ. ಹೊಸ ಒಲೆಯಲ್ಲಿ ಹಾಲು ಉಕ್ಕುವ ಹೊತ್ತಿಗೆ ನಾನು ಕೊಟ್ಟ ಕ್ಯಾಸೆಟ್ ವೈರಾಗ್ಯದ್ದು. ಕಟ್ಟಿದ ಮನೆ ನಿನ್ನದಲ್ಲ, ಯಾವಾಗ ಹೊರಡುತ್ತೀ ಎಂದು ದೊಡ್ಡ ಸ್ವರದಲ್ಲಿ ಕೇಳುವ ಹಾಡು. ಹಾರನ್ನಿನಲ್ಲಿ ಮಾರ್ಕೆಟ್ ಯಾರ್ಡಿನ ತನಕ ಕೇಳಿತು. ಮನೆಯ ಯಜಮಾನ ಪಂಚೆ ಎತ್ತಿಕೊಂಡು ಓಡಿ ಬಂದ. "ನಿಮಗೆ ಇವತ್ತೇ ಸಿಕ್ಕಿದ್ದಾ ಅದು?" ಎಂದು ಕೇಳಿದ. ಬಲ್ಬಿನ ಬೆಳಕಿನಲ್ಲಿ ಹಳದಿಯೂ ಬಿಳಿಯೂ ಒಂದೇ ರೀತಿ ಕಾಣ್ತದೆ ಎಂದು ನಾನು ಬಲ್ಬಿನ ಮೇಲೆ ಹಾಕಿದೆ. ತಪ್ಪನ್ನು ಬೇರೆ ಎಲ್ಲಿಗಾದರೂ ಹಾಕುವುದರಲ್ಲಿ ನಾನು ಮೊದಲಿನಿಂದಲೂ ಹುಷಾರು.

ಮನೆಯವರು ಹೋದ ಮೇಲೆ ವ್ಯಾಪಾರ ನೋಡಿಕೊಳ್ಳುವುದು ಮಗಳು ಶಶಿಕಲಾ. ಅಳಿಯ ಮಸ್ಕತ್‌ನಲ್ಲಿ. ಮನೆಯಲ್ಲಿ ನಾವಿಬ್ಬರೇ. ಅವಳೇ ವ್ಯಾನ್ ಬಿಡ್ತಾಳೆ, ಅವಳೇ ಬಾಕ್ಸ್ ಇಳಿಸ್ತಾಳೆ. ಒಂದು ಮಳೆಗಾಲ ಕಳೆದು ನೋಡಿದರೆ ಕ್ಯಾಸೆಟ್ಟುಗಳ ಮೇಲೆ ಬಿಳಿ ಬೂಸ್ಟು. ಒಂದನ್ನು ಹಾಕಿದರೆ ಟೇಪು ಯಂತ್ರದ ಹೊಟ್ಟೆಗೆ ಸುತ್ತಿಕೊಂಡು ಹಾಡಿನ ಬದಲು ಹಂದಿ ಗುರುಗುಟ್ಟಿದ ಹಾಗೆ ಆಯಿತು.

"ಅಮ್ಮ, ಇದನ್ನೆಲ್ಲ ಹಾರ್ಡ್ ಡಿಸ್ಕಿಗೆ ಹಾಕಬೇಕು. ಇಲ್ಲದಿದ್ದರೆ ಇನ್ನೊಂದು ಮಳೆಗೆ ಎಲ್ಲ ಹೋಗ್ತದೆ" ಎಂದಳು ಶಶಿಕಲಾ.

"ಎಲ್ಲವನ್ನೂ ಒಂದರಲ್ಲಿಯಾ?"

"ಒಂದರಲ್ಲಿ. ಸಾಬೂನಿನ ಡಬ್ಬಿಯಷ್ಟು ಇರ್ತದೆ."

ಅಲ್ಲಿಂದಲೇ ನನ್ನ ಸಂಶಯ ಸುರು.

ಸಂಶಯ ನನಗೆ ತವರಿನಿಂದ ಬಂದದ್ದು. ನನ್ನ ತವರು ಕಡಲ ಬದಿಯದ್ದು. ನನ್ನ ಅಜ್ಜಿ ಒಂದೇ ಮನೆಯ ಗಂಡಸರನ್ನು ಒಂದೇ ದೋಣಿಗೆ ಹತ್ತಲಿಕ್ಕೆ ಬಿಡುತ್ತಿರಲಿಲ್ಲ. ಮೂವರು ಮಾವಂದಿರು ಇದ್ದರು, ಮೂರು ದೋಣಿ. ಬೇರೆಯವರ ದೋಣಿಯಲ್ಲಿ ಹೋದರೆ ಪಾಲು ಕಡಿಮೆ ಸಿಗ್ತದೆ ಎಂದು ಅವರು ಗೊಣಗುವುದು, "ಕಡಿಮೆ ಸಿಗಲಿ, ಸಂಜೆಗೆ ಇಬ್ಬರಾದರೂ ಬರ್ತೀರಲ್ಲ" ಎಂದು ಅವಳು ಹೇಳುವುದು. ಒಂದು ವರ್ಷ ನಡುವಿನ ಮಾವ ಬರಲಿಲ್ಲ. ಅಜ್ಜಿ ಅತ್ತಳು. ಅತ್ತು ಮುಗಿಸಿ ಉಳಿದಿಬ್ಬರಿಗೆ ಗಂಜಿ ಬಡಿಸಿದಳು.

ಆಮೇಲೆ ಉಳಿದದ್ದೆಲ್ಲ ನಾನೇ ಬೆಳೆಸಿಕೊಂಡದ್ದು. ಮೀನಿನ ಕಿವಿರು ಎತ್ತಿ ನೋಡದೆ ತೆಗೆದುಕೊಳ್ಳುವುದಿಲ್ಲ. ಅಕ್ಕಿ ಹಲ್ಲಿಗೆ ಕಚ್ಚಿ ನೋಡಬೇಕು. ತೆಂಗಿನಕಾಯಿಯನ್ನು ಕಿವಿಗೆ ಹಿಡಿದು ಅಲ್ಲಾಡಿಸಬೇಕು. ನೀರು ಕುಲುಕಿದರೆ ಒಳ್ಳೆಯದು, ಕುಲುಕದಿದ್ದರೆ ವಾಪಸ್. ಅಂಗಡಿಯವರು ನನ್ನನ್ನು ನೋಡಿದರೆ ಕಾಯಿಯ ರಾಶಿಯ ಮುಂದೆ ತಾವೇ ಬಂದು ನಿಲ್ಲುತ್ತಾರೆ. ಪರೀಕ್ಷೆ ಮಾಡಲಿಕ್ಕೆ ಸಿಗದೆ ಮನೆಗೆ ಬಂದದ್ದು ಗಂಡ ಒಬ್ಬರೇ. ಅವರು ಪರವಾಗಿಲ್ಲ ಇದ್ದರು.

ಡಿಸ್ಕ್ ತರಲಿಕ್ಕೆ ಶಶಿಕಲಾಳ ಒಟ್ಟಿಗೆ ನಾನೂ ಮಣಿಪಾಲಕ್ಕೆ ಹೋದೆ. ಅವಳು ಕರೆಯಲಿಲ್ಲ, ನಾನೇ ಹೋದದ್ದು. ಅಂಗಡಿಯವನ ಹೆಸರು ಹಮೀದ್. ನಲವತ್ತರ ಒಳಗಿನವ, ಮಾತು ಮೆತ್ತಗೆ. ಮೆತ್ತಗೆ ಮಾತಾಡುವ ವ್ಯಾಪಾರಿ ಎಂದರೆ ನನಗೆ ಮೊದಲೇ ಆಗುವುದಿಲ್ಲ.

"ಇದರ ಒಳಗೆ ಎಂತ ಉಂಟು?" ಎಂದು ಕೇಳಿದೆ.

"ತಟ್ಟೆ ಉಂಟು ಅಮ್ಮ. ಗ್ರಾಮಫೋನಿನ ತಟ್ಟೆ ನೋಡಿದ್ದೀರಲ್ಲ, ಹಾಗೆ ತಿರುಗ್ತದೆ. ಮೇಲೆ ಸೂಜಿಯ ಹಾಗಿನದ್ದೊಂದು ಓಡಾಡ್ತದೆ. ಆದರೆ ತಟ್ಟೆಗೆ ಮುಟ್ಟುವುದಿಲ್ಲ."

"ಮುಟ್ಟದೆ ಹೇಗೆ ಹಾಡ್ತದೆ?"

"ಅದೇ ಅಲ್ವಾ ಅಮ್ಮ, ಅದರ ಗಮ್ಮತ್ತು!"

ವ್ಯಾಪಾರಿಗಳು ತಮಗೆ ಗೊತ್ತಿಲ್ಲದ್ದಕ್ಕೆ ಗಮ್ಮತ್ತು ಎನ್ನುತ್ತಾರೆ. ನಾನು ಮುಂದೆ ಕೇಳಿದೆ. "ಹದಿನೆಂಟು ನೂರು ಕ್ಯಾಸೆಟ್ ಹಿಡೀತದಾ?"

"ನಾಲ್ಕು ಟಿಬಿ ಅಮ್ಮ ಇದು. ಎಲ್ಲ ಹಾಕಿದ ಮೇಲೆಯೂ ಅರ್ಧಕ್ಕಿಂತ ಹೆಚ್ಚು ಖಾಲಿ ಇರ್ತದೆ."

ನಮ್ಮ ಕಾಲದಲ್ಲಿ ಮನುಷ್ಯನನ್ನು ಮುಗಿಸಲಿಕ್ಕೆ ಒಂದು ಟಿಬಿ ಸಾಕಿತ್ತು. ಅದನ್ನು ಬಾಯಿಬಿಟ್ಟು ಹೇಳಲಿಲ್ಲ. "ಇಷ್ಟು ದೊಡ್ಡದು ಬೇಡ ಮಾರಾಯ. ಸಣ್ಣದು ಎರಡು ಕೊಡು. ಒಂದು ಹೋದರೆ ಒಂದು ಉಳೀತದೆ" ಎಂದೆ.

ಅವನ ಮುಖ ಅರಳಿತು. "ಅಮ್ಮ ಹೇಳುವುದು ನೂರಕ್ಕೆ ನೂರು ಸರಿ. ಯಾವಾಗಲೂ ಎರಡರಲ್ಲಿ ಇಡಬೇಕು. ನಾನೂ ಎಲ್ಲರಿಗೂ ಅದೇ ಹೇಳುವುದು."

ನೋಡಿ, ಅವನು ಒಪ್ಪಿದ್ದೇ ತಪ್ಪಾಯಿತು. ಇಷ್ಟು ಬೇಗ ಯಾಕೆ ಒಪ್ಪಿದ? ಎರಡು ಮಾರಿದರೆ ಇವನಿಗೆ ಒಳ್ಳೆಯದು, ಹಾಗೆ! ಕೂಡಲೇ ನಾನು ತಿರುಗಿದೆ. "ಬೇಡ. ಒಂದೇ ಸಾಕು. ದೊಡ್ಡದೇ ಕೊಡು."

"ಅಮ್ಮ, ಈಗ ತಾನೆ ನೀವೇ..." ಎಂದಳು ಶಶಿಕಲಾ.

"ನೀನು ಸುಮ್ಮನಿರು. ನಿನಗೆ ಜನ ಗೊತ್ತಾಗುವುದಿಲ್ಲ."

ಅಜ್ಜಿಯ ಬುದ್ಧಿ ನನ್ನ ಬಾಯಿಗೆ ಬಂದಿತ್ತು, ನನ್ನ ಬುದ್ಧಿ ಅದನ್ನು ವಾಪಸ್ ನುಂಗಿತು. ಆಮೇಲೆ ವಾರಂಟಿಯ ಮಾತು. ಮೂರು ವರ್ಷ ಎಂದ. "ವಾರಂಟಿ ಡಬ್ಬಿಗೋ, ಹಾಡಿಗೋ?" ಎಂದು ಕೇಳಿದೆ. ಡಬ್ಬಿಗೆ ಮಾತ್ರ ಅಂತೆ. ಹಾಳಾದರೆ ಹೊಸ ಡಬ್ಬಿ ಕೊಡ್ತಾರೆ, ಹಳೆಯದನ್ನು ಅವರಿಗೇ ಒಪ್ಪಿಸಬೇಕು, ಒಳಗಿದ್ದ ಹಾಡಿಗೆ ಯಾರೂ ಜವಾಬ್ದಾರಿ ಅಲ್ಲ. ಹಾಲು ಚೆಲ್ಲಿದರೆ ಪಾತ್ರೆ ಹೊಸತು ಕೊಡುವ ಜನ. ಕೊನೆಗೆ ಅವನು ಹೇಳಿದ, "ಲೈಟ್ ಉರಿಯುವಾಗ ಎತ್ತಬೇಡಿ, ಅಲ್ಲಾಡಿಸಬೇಡಿ. ಮೇಜಿನ ಮೇಲೆ ಒಂದೇ ಕಡೆ ಇರಲಿ." ನಾನು ಮಗಳ ಕಿವಿಯಲ್ಲಿ ಹೇಳಿದೆ, "ಕೇಳಿದೆಯಾ? ಮಾರುವಾಗಲೇ ನೆಪ ಮಾಡಿ ಇಡ್ತಾನೆ."

ಹಾಗೆ ಆ ಡಿಸ್ಕ್ ನಮ್ಮ ಮನೆಗೆ ಬಂತು. ಶಶಿಕಲಾ ತಿಂಗಳುಗಟ್ಟಲೆ ದಿನಾ ಮಧ್ಯಾಹ್ನದಿಂದ ರಾತ್ರಿಯ ತನಕ ನಾಲ್ಕು ಟೇಪ್ ರೆಕಾರ್ಡರ್ ಒಟ್ಟಿಗೆ ಓಡಿಸಿ ಕಿವಿಗೆ ಹೆಡ್‌ಫೋನ್ ಸಿಕ್ಕಿಸಿಕೊಂಡು ಕೂರುವುದು. ಕ್ಯಾಸೆಟ್ ಎಷ್ಟು ಹೊತ್ತು ಓಡ್ತದೋ ಅಷ್ಟೇ ಹೊತ್ತು ಕಾಪಿಗೂ ಬೇಕು. ಬೂಸ್ಟು ಒರಸುವ ಕೆಲಸ ನನ್ನದು. ಯಾವುದು ಮೊದಲು, ಯಾವುದು ನಂತರ ಎಂದು ನೂಲು ನೋಡಿ ಕೊಡುವುದೂ ನಾನೇ. ಸ್ವಲ್ಪ ದಿನ ದೊಡ್ಡ ಜನ ಆಗಿದ್ದೆ. ಆಮೇಲೆ ಗೊತ್ತಾಯಿತು, ಒಂದೊಂದು ಕ್ಯಾಸೆಟ್ ಒಳಗೆ ಹೋದ ಹಾಗೆ ನನ್ನ ಕೆಲಸವೂ ಒಳಗೆ ಹೋಗ್ತಾ ಉಂಟು. ಡಿಸ್ಕಿಗೆ ನೂಲು ಸುತ್ತಲಿಕ್ಕೆ ಆಗುವುದಿಲ್ಲ. ಪರದೆಯ ಮೇಲೆ ಎಲ್ಲ ಇಂಗ್ಲಿಷ್ ಅಕ್ಷರ, ಇರುವೆಯ ಸಾಲಿನ ಹಾಗೆ. ಡಿಸ್ಕಿನ ಮೇಲೆ ನನಗಿದ್ದ ಸಿಟ್ಟಿನಲ್ಲಿ ಅರ್ಧ ಇದೇ.

ಆ ಹೊತ್ತಿಗೇ ಕಾರ್ಕಳದ ಸಿಸಿಲಿ ಬಾಯಿಯ ಫೋನ್ ಬಂದದ್ದು.

ಸಿಸಿಲಿ ಬಾಯಿ ಕೊಂಕಣಿ ಮಾತಾಡುವ ಕ್ರಿಶ್ಚಿಯನ್ನರು, ನನಗಿಂತ ಆರೇಳು ವರ್ಷ ಸಣ್ಣವರು. ಅವರ ಮದುವೆಗೆ ನಮ್ಮದೇ ಮೈಕ್‌ಸೆಟ್. ಅವರಲ್ಲಿ ಮದುವೆಯ ಮುನ್ನಾದಿನ ಮದುಮಗಳನ್ನು ಕೂರಿಸಿ ತೆಂಗಿನ ಹಾಲು ಹಚ್ಚಿ ಮೀಯಿಸುವ ಕ್ರಮ ಉಂಟು, ರೋಸ್ ಎನ್ನುತ್ತಾರೆ. ಆಗ ಹಿರಿಯ ಹೆಂಗಸರು ಸೇರಿ ವೊವಿಯೊ ಹೇಳುತ್ತಾರೆ. ಮೂರು ಮೂರು ಸಾಲಿನ ಹಾಡು, ಒಬ್ಬರು ಸುರು ಮಾಡುವುದು, ಉಳಿದವರು ಎಳೆಯುವುದು. ಸಿಸಿಲಿ ಬಾಯಿಯ ರೋಸಿಗೆ ಮುಂದಾಳು ಅವರ ತಾಯಿ ನತಾಲ್ ಬಾಯಿ. ವಿಧವೆ. ಬಾಯಲ್ಲಿ ಒಂದು ಒಳ್ಳೆಯ ಮಾತು ಬಾರದ ಹೆಂಗಸು. ಹೇಳಬೇಕಾದ ವೊವಿಯೊ ಎಲ್ಲ ಹೇಳಿಯಾದ ಮೇಲೆ ಆ ತಾಯಿ ಇದ್ದಕ್ಕಿದ್ದ ಹಾಗೆ ಒಂದನ್ನು ಅಲ್ಲಿಯೇ ಕಟ್ಟಿ ಹೇಳಿದರು, ಮಗಳ ಬಗ್ಗೆ. ಹೆಂಗಸರೆಲ್ಲ ಮೊದಲು ನಕ್ಕರು, ಆಮೇಲೆ ಮೂಗು ಒರಸಿಕೊಂಡರು. ಯಾರಿಗಾಗಿ ಹೇಳಿದ್ದೋ ಅವಳಿಗೆ ಮಾತ್ರ ಕೇಳಲಿಲ್ಲ. ಸಿಸಿಲಿ ಬಾಯಿಯ ಎರಡೂ ಕಿವಿಯಲ್ಲಿ ತೆಂಗಿನ ಹಾಲು.

"ಎಂತ ಹೇಳಿದ್ದು ಅಂತ ಅಮ್ಮನ ಹತ್ತಿರ ಎಷ್ಟು ಸಲ ಕೇಳಿದೆ ಗುಲಾಬಕ್ಕ," ಎಂದರು ಸಿಸಿಲಿ ಬಾಯಿ ಫೋನಿನಲ್ಲಿ. "'ಹೋದದ್ದು ಹೋಯಿತು, ನೆನಪಿಲ್ಲ' ಅಂತ ಹೇಳಿಯೇ ಸತ್ತರು. ಬೇರೆ ಮುದುಕಿಯರೂ ಯಾರೂ ಉಳಿಯಲಿಲ್ಲ. ಉಪ್ಪಿನ ವಿಷಯ ಎಂತದೋ ಇತ್ತು, ಅಷ್ಟೇ ನನಗೆ ಗೊತ್ತು. ನಿಮ್ಮವರು ಅವತ್ತು ರೆಕಾರ್ಡ್ ಮಾಡಿದ್ದರು ಅಲ್ವಾ?"

ಮಾಡಿದ್ದರು. ಆ ಹೊತ್ತಿಗೆ ಹೆಡ್‌ಫೋನ್ ಹಾಕಿಕೊಂಡು ಆಂಪ್ಲಿಫೈಯರಿನ ಬದಿಯಲ್ಲಿ ಕೂತದ್ದು ನಾನೇ. ಬಿಳಿ ನೂಲು, ಚೂರಿಯ ಗೀರು. ಎರಡು ನಿಮಿಷದಲ್ಲಿ ಹುಡುಕಿ ತೆಗೆದೆ.

"ಮಗಳ ರೋಸ್ ಬಂತು. ಒಬ್ಬಳೇ ಮಗಳು. ಅವಳ ರೋಸಿಗೆ ಅಮ್ಮನ ಸ್ವರ ಹಾಕಿ. ಅದಕ್ಕೆ ಮೊದಲು ನನಗೆ ಕೇಳಿಸಬೇಡಿ, ಕೇಳಿದರೆ ನನ್ನ ಕೈಯಿಂದ ಮದುವೆಯ ಕೆಲಸ ಆಗುವುದಿಲ್ಲ" ಎಂದರು.

ಅದನ್ನು ಶಶಿಕಲಾ ಕಾಪಿ ಮಾಡುವಾಗ ನಾನು ಮೀನಿಗೆ ಹೋಗಿದ್ದೆ. ಅವಳಿಗೆ ಕೊಂಕಣಿ ಬರುವುದಿಲ್ಲ, ಏನೋ ಒಂದು ಹಾಡು ಎಂದು ಕೂತಿದ್ದಳು. ಕ್ಯಾಸೆಟ್ ಒಂದು ಸಲ ಸರಿಯಾಗಿ ಓಡಿತಂತೆ. ಎರಡನೇ ಸಲಕ್ಕೆ ಟೇಪು ಸುಕ್ಕಾಗಿ ತುಂಡಾಯಿತು. ಹೆಚ್ಚಿನವುಗಳ ಕಥೆ ಅದೇ. ಎಲ್ಲ ಮುಗಿದ ಮೇಲೆ ಗುಜರಿಯವನನ್ನು ಕರೆದು ಒಂಬತ್ತು ಗೋಣಿ ತುಂಬಿಸಿ ಕೊಟ್ಟೆವು. ಗೋಣಿ ಹಿಡಿದುಕೊಟ್ಟದ್ದು ನಾನು. ಅಳಲಿಲ್ಲ. ಬೂಸ್ಟಿನ ವಾಸನೆ ಹೋಯಿತು ಎಂದೆ.

ಗುಜರಿಯವ ಹೋಗಿ ಎರಡು ದಿನ ಆಗಿರಬಹುದು. ಶಶಿಕಲಾ ಸ್ನಾನಕ್ಕೆ ಹೋಗಿದ್ದಳು. ಡಿಸ್ಕ್ ಮೇಜಿನ ಮೇಲೆ, ವಯರ್ ಸಿಕ್ಕಿಸಿಯೇ ಉಂಟು, ಸಣ್ಣ ಲೈಟ್ ಮಿಟುಕುತ್ತಾ ಉಂಟು. ನಾನು ಅದರ ಎದುರು ಕೂತೆ. ನಮ್ಮವರ ನಲವತ್ತು ವರ್ಷದ ದುಡಿಮೆ ಈ ಸಾಬೂನಿನ ಡಬ್ಬಿಯ ಒಳಗೆ ಉಂಟು ಎಂದು ಅವಳು ಹೇಳ್ತಾಳೆ. ಉಂಟೋ ಇಲ್ಲವೋ ನನಗೆ ಹೇಗೆ ಗೊತ್ತಾಗಬೇಕು? ಬೆರಳು ಇಟ್ಟು ನೋಡಿದೆ. ಚರ್ಮದ ಮೇಲೆ ಇರುವೆ ಹರಿದ ಹಾಗೆ ಏನೋ ಗುಂಯ್ ಎನ್ನುತ್ತಿತ್ತು. ಎತ್ತಿ ಕಿವಿಗೆ ಹಿಡಿದೆ. ಅಲ್ಲಾಡಿಸಿದೆ.

ಹೌದು. ತೆಂಗಿನಕಾಯಿಯನ್ನು ಅಲ್ಲಾಡಿಸಿದ ಹಾಗೆ. ಒಂದು ಸಲಕ್ಕೆ ತಿಳಿಯಲಿಲ್ಲ, ಇನ್ನೊಂದು ಸಲ.

ಒಳಗೆ ಸಣ್ಣದೊಂದು ಟಕ್ ಎಂಬ ಸದ್ದು. ಇದ್ದಲ್ಲಿಯೇ ಇಟ್ಟೆ. ಲೈಟ್ ಉರಿಯುತ್ತಲೇ ಇತ್ತು. ಏನೂ ಆಗಲಿಲ್ಲ ಎಂದುಕೊಂಡು ಅಡಿಗೆಮನೆಗೆ ಹೋಗಿ ತೆಂಗಿನಕಾಯಿ ತುರಿಯಲಿಕ್ಕೆ ಕೂತೆ.

ಆ ಸಂಜೆ ಶಶಿಕಲಾ ಹಾಡು ಹಾಕಲಿಕ್ಕೆ ನೋಡಿದರೆ ಡಿಸ್ಕ್ ಟಿಕ್, ಟಿಕ್, ಟಿಕ್. ಹಲ್ಲಿ ಲೊಚಗುಟ್ಟಿದ ಹಾಗೆ. ಪರದೆಯ ಮೇಲೆ ಒಂದು ಹಾಡೂ ಇಲ್ಲ. ಅವಳು ವಯರ್ ತೆಗೆದಳು, ಹಾಕಿದಳು. ಬೇರೆ ವಯರ್ ತಂದಳು. ಅವಳ ಮುಖ ನೋಡಲಿಕ್ಕೆ ಆಗುತ್ತಿರಲಿಲ್ಲ.

ನನ್ನ ಬಾಯಿಂದ ಬಂದ ಮೊದಲ ಮಾತು ಎಂತ ಗೊತ್ತುಂಟಾ? "ನಾನು ಹೇಳಲಿಲ್ವಾ?"

ಮರುದಿನವೇ ಇಬ್ಬರೂ ಮಣಿಪಾಲಕ್ಕೆ ಹೋದೆವು. ಹಮೀದ್ ಡಿಸ್ಕನ್ನು ಕೈಯಲ್ಲಿ ಹಿಡಿದು, ಒಮ್ಮೆ ಮಾತ್ರ ಸಿಕ್ಕಿಸಿ, ಆ ಟಿಕ್ ಟಿಕ್ ಕೇಳಿದ ಕೂ‍ಡಲೇ ತೆಗೆದ. "ಇದು ಬಿದ್ದಿದೆಯಾ? ಅಥವಾ ಲೈಟ್ ಇರುವಾಗ ಯಾರಾದರೂ ಅಲ್ಲಾಡಿಸಿದ್ದಾರಾ?"

"ನಮ್ಮ ಮನೆಯಲ್ಲಿ ಇರುವುದು ಇಬ್ಬರು. ಮಕ್ಕಳಿಲ್ಲ ಮರಿ ಇಲ್ಲ. ಯಾರು ಅಲ್ಲಾಡಿಸ್ತಾರೆ?" ಎಂದೆ. ನೋಡಿದಿರಾ, ಸುಳ್ಳು ಹೇಳಲಿಲ್ಲ. ಪ್ರಶ್ನೆ ಕೇಳಿದೆ.

"ಸರಿಯಾಗಿ ನೆನಪು ಮಾಡಿ ಅಮ್ಮ. ಅಲ್ಲಾಡಿದ್ದು ಆದರೆ ಇನ್ನು ಒಂದು ಸಲವೂ ಕನೆಕ್ಟ್ ಮಾಡಬಾರದು. ಸೂಜಿ ಕೆಳಗೆ ತಾಗಿರ್ತದೆ, ಪ್ರತಿ ಸಲ ತಟ್ಟೆಯನ್ನು ಗೀರ್ತದೆ. ಹಾಗೆಯೇ ಬಿಟ್ಟರೆ ಒಳಗಿನದ್ದು ತೆಗೆದುಕೊಡುವ ಜನ ಬೆಂಗಳೂರಿನಲ್ಲಿ ಇದ್ದಾರೆ. ಕರೆಂಟಿನ ದೋಷ ಆದರೆ ಅದು ಬೇರೆ."

"ಕರೆಂಟೇ ಇರಬೇಕು," ಎಂದಳು ಶಶಿಕಲಾ. "ಅವತ್ತು ಎರಡು ಸಲ ಹೋಗಿ ಬಂದಿತ್ತು."

ನಾನು ಬೀದಿಯ ಕಡೆ ನೋಡುತ್ತಾ ನಿಂತೆ.

ಹೊಸ ಡಬ್ಬಿ ಕೊಡ್ತೇನೆ, ಹಳೆಯದು ಬಿಟ್ಟು ಹೋಗಿ ಎಂದ. ಹಳೆಯದರಲ್ಲೇ ಅಲ್ವಾ ಎಲ್ಲ ಇರುವುದು. ಶಶಿಕಲಾ ಕೊಡಲಿಲ್ಲ. ಅವನಿಗೆ ಬಾಯಿಗೆ ಬಂದ ಹಾಗೆ ಬೈದಳು, ಅಂಗಡಿಗೆ ಬಂದಿದ್ದ ಕಾಲೇಜು ಮಕ್ಕಳೆಲ್ಲ ನೋಡುತ್ತಿದ್ದರು. ಅಷ್ಟಕ್ಕೆ ಬಿಡಲಿಲ್ಲ. ಉಡುಪಿ, ಕಾಪು, ಕಾರ್ಕಳದ ಮೈಕ್‌ಸೆಟ್ಟಿನವರದ್ದು ಒಂದು ವಾಟ್ಸಾಪ್ ಗುಂಪು ಉಂಟು. ಅದರಲ್ಲಿ ದೊಡ್ಡ ಸ್ವರದಲ್ಲಿ ಮಾತಾಡಿ ಹಾಕಿದಳು, ಆ ಅಂಗಡಿಯಿಂದ ಯಾರೂ ಡಿಸ್ಕ್ ತೆಗೆದುಕೊಳ್ಳಬೇಡಿ, ಮೋಸದ ಮಾಲು ಎಂದು. ಗುಂಪಿನವರು ನನ್ನನ್ನು ಹೊಗಳಿದರಂತೆ. ಹಳೆ ಜನ, ಮೊದಲೇ ಹೇಳಿದ್ದರು ಎಂದು. ಒಬ್ಬನಂತೂ ಜನರೇಟರ್ ತೆಗೆದುಕೊಳ್ಳುವ ಮೊದಲು ನನ್ನನ್ನು ಕೇಳಲಿಕ್ಕೆ ಮನೆಗೇ ಬಂದ. ನಾನು ಕುರ್ಚಿಯಲ್ಲಿ ಕೂತು, ಯಾವುದನ್ನೂ ನಂಬಬೇಡ ಎಂದು ಸಲಹೆ ಕೊಟ್ಟೆ. ಚಹಾ ಕುಡಿದು ಹೋದ.

ಇಷ್ಟರ ನಡುವೆ ಶಶಿಕಲಾ ದಿನಾ ಬೆಳಿಗ್ಗೆ ಕೆಲಸಕ್ಕೆ ಹೊರಡುವ ಮೊದಲು ಒಮ್ಮೆ ಡಿಸ್ಕನ್ನು ಸಿಕ್ಕಿಸುತ್ತಿದ್ದಳು. ಒಂದು ದಿನ ಹಿಡಿದೀತು ಎಂಬ ಆಸೆ. ಟಿಕ್, ಟಿಕ್, ಟಿಕ್. ನಾನು ಅಡಿಗೆಮನೆಯಲ್ಲಿ ಅದನ್ನು ಕೇಳುತ್ತಾ ದೋಸೆ ಮಗುಚುತ್ತಿದ್ದೆ. ಅವನು ಹೇಳಿದ್ದು ನೆನಪಿತ್ತು, ಪ್ರತಿ ಸಲ ಗೀರ್ತದೆ. ಬೇಡ ಎಂದು ಹೇಳಬೇಕಾದರೆ ಯಾಕೆ ಎಂದು ಹೇಳಬೇಕು. ದೋಸೆ ಮಗುಚಿದೆ.

ಸಿಸಿಲಿ ಬಾಯಿಗೂ ಹೇಳಬೇಕಾಯಿತು. ಅವರು ಮೊದಲು ಕ್ಯಾಸೆಟ್ ಉಂಟಾ ಎಂದು ಕೇಳಿದರು, ಗುಜರಿಗೆ ಹೋಯಿತು ಎಂದೆ. ಆಮೇಲೆ, "ಇರಲಿ. ನೀವೇ ಬಂದು ಹೇಳಿ ಗುಲಾಬಕ್ಕ. ಹೆಡ್‌ಫೋನಿನಲ್ಲಿ ಕೇಳಿದವರು ನೀವಲ್ವಾ? ಅಮ್ಮನ ವೊವಿಯೊ ನಿಮಗೆ ಬಾಯಿಪಾಠ ಇರಬೇಕು" ಎಂದರು.

ಇತ್ತು. ಆ ಕ್ಯಾಸೆಟ್ಟನ್ನು ಹಿಂದೆ ಬೇರೆ ರೋಸಿಗೂ ಎಷ್ಟೋ ಸಲ ಹಾಕಿದ್ದೇವೆ. ಕೊನೆಯದ್ದು ಬರುವ ಮೊದಲು ನಿಲ್ಲಿಸುವುದು, ಯಾಕೆಂದರೆ ಅದು ಬೇರೆ ಮನೆಯ ಮಾತು. ಕೊಂಕಣಿ ನನಗೆ ಮುಕ್ಕಾಲು ಅರ್ಥ ಆಗ್ತದೆ, ಹೇಳಲಿಕ್ಕೆ ಪೂರ್ತಿ ಬರ್ತದೆ. ಬರ್ತೇನೆ ಎಂದೆ. ಒಳಗೊಳಗೆ ಸ್ವಲ್ಪ ಜಂಬವೂ ಆಯಿತು. ಡಿಸ್ಕ್ ಹೋದರೆ ಹೋಗಲಿ, ನನ್ನ ತಲೆ ಉಂಟಲ್ಲ.

ರೋಸ್ ಸಂಜೆ. ಕಾರ್ಕಳದ ಅವರ ಮನೆಯ ಅಂಗಳದಲ್ಲಿ ಚಪ್ಪರ. ಮದುಮಗಳನ್ನು ಪೀಠದ ಮೇಲೆ ಕೂರಿಸಿದ್ದರು, ಬಟ್ಟಲಿನಲ್ಲಿ ತೆಂಗಿನ ಹಾಲು. ಶಶಿಕಲಾ ಮೈಕನ್ನು ನನ್ನ ಬಾಯಿಯ ಹತ್ತಿರ ತಂದು ಎತ್ತರ ಸರಿ ಮಾಡಿದಳು. ಐವತ್ತು ವರ್ಷ ಬೇರೆಯವರ ಬಾಯಿಗೆ ಮೈಕ್ ಹಿಡಿದವಳು ನಾನು, ನನ್ನ ಎದುರು ಅದು ನಿಂತದ್ದು ಅದೇ ಮೊದಲು.

ಸುರು ಮಾಡಿದೆ. ಹೆಂಗಸರು ಹಿಂದಿನಿಂದ ಎಳೆದರು. ಶಿಲುಬೆಯದ್ದು ಬಂತು, ಬಟ್ಟಲಿನದ್ದು ಬಂತು, ತಾಯಿಯದ್ದು ಬಂತು. ನಾಲ್ಕನೆಯದರಲ್ಲಿ ಕ್ಯಾಸೆಟ್ಟಿನ ಟೇಪು ಒಂದು ಕಡೆ ಎಳೆದುಹೋಗಿ ಸ್ವರ ಹೊಯ್ದಾಡುತ್ತಿತ್ತು. ನಾನೂ ಅಲ್ಲಿ ಹೊಯ್ದಾಡಿದೆ. ಅದೇ ಕ್ರಮ ಎಂದುಕೊಂಡು ಹೆಂಗಸರೂ ಹೊಯ್ದಾಡಿದರು. ಕಾರ್ಕಳದಲ್ಲಿ ಈಗಲೂ ಕೆಲವು ಮನೆಯಲ್ಲಿ ಆ ವೊವಿಯೊವನ್ನು ಹಾಗೆಯೇ ಹೇಳ್ತಾರಂತೆ.

ಎಲ್ಲ ಮುಗಿಯಿತು. ಸಿಸಿಲಿ ಬಾಯಿ ಮಗಳ ತಲೆಯ ಮೇಲೆ ಹಾಲು ಹೊಯ್ಯುವುದು ಬಿಟ್ಟು ನನ್ನ ಹತ್ತಿರ ಬಂದು ನಿಂತರು. ಕೈಯಿಂದ ಹಾಲು ತೊಟ್ಟಿಕ್ಕುತ್ತಿತ್ತು.

"ಮುಂದಿನದ್ದು ಹೇಳಿ ಗುಲಾಬಕ್ಕ. ನನ್ನದು."

ನಾನು ಬಾಯಿ ತೆರೆದೆ. ಆ ದಿನ ಹೆಂಗಸರು ನಕ್ಕದ್ದು ನೆನಪಾಯಿತು. ಯಾರೋ ಕೆಮ್ಮಿದ್ದು ನೆನಪಾಯಿತು. ಚಪ್ಪರದ ಹೊರಗೆ ನಾಯಿ ಬೊಗಳಿದ್ದು, ನಮ್ಮವರು ಬೆರಳಿನಲ್ಲಿ ಗುಂಡಿ ತಿರುಗಿಸಿ ಸ್ವರ ತಗ್ಗಿಸಿದ್ದು, ಎಲ್ಲ ಉಂಟು. ಮಾತು ಮಾತ್ರ ಇಲ್ಲ. ಒಂದು ಅಕ್ಷರ ಇಲ್ಲ.

"ಉಪ್ಪು," ಎಂದರು ಸಿಸಿಲಿ ಬಾಯಿ. "ಉಪ್ಪಿನದ್ದು ಇತ್ತು. ನೋಡಿ."

"ಇಲ್ಲ ಬಾಯಿ. ಬರುವುದಿಲ್ಲ" ಎಂದೆ. ಮೈಕ್ ಆನ್ ಇತ್ತು. ನಾನು ಹೇಳಿದ್ದು ಗದ್ದೆಯ ಆಚೆಗೂ ಕೇಳಿತು.

ಅವರು ತಲೆ ಆಡಿಸಿದರು. ವಾಪಸ್ ಹೋಗಿ ಮಗಳಿಗೆ ಹಾಲು ಹೊಯ್ದರು. ಬೈದಿದ್ದರೆ ಆಗುತ್ತಿತ್ತು. ಬದಿಯಲ್ಲಿದ್ದ ಒಬ್ಬ ಮುದುಕಿ ನನ್ನ ಬೆನ್ನು ಸವರಿ, "ಇಷ್ಟು ನೆನಪಿಟ್ಟದ್ದೇ ದೊಡ್ಡದು ಮಾರಾಯ್ತಿ. ಯಂತ್ರವನ್ನು ನಂಬಬಾರದು ಅಂತ ನೀನು ಮೊದಲೇ ಹೇಳಿದ್ದೆಯಂತೆ ಅಲ್ವಾ?" ಎಂದಳು.

"ಹೇಳಿದ್ದರು," ಎಂದಳು ಶಶಿಕಲಾ. "ನಾನೇ ಕೇಳಲಿಲ್ಲ. ಆ ಮಣಿಪಾಲದವ ನಮ್ಮನ್ನು ಮುಳುಗಿಸಿದ." ಆಮೇಲೆ ಸಿಸಿಲಿ ಬಾಯಿಯ ಕಡೆ ತಿರುಗಿ, "ನೀವು ಬೇಜಾರು ಮಾಡಬೇಡಿ ಬಾಯಿ. ನಾನು ದಿನಾ ಸಿಕ್ಕಿಸಿ ನೋಡ್ತಾ ಇದ್ದೇನೆ. ನಾಳೆಯಿಂದ ದಿನಕ್ಕೆ ನಾಲ್ಕು ಸಲ ನೋಡ್ತೇನೆ. ಒಂದು ದಿನ ಹಿಡಿಯದೆ ಎಲ್ಲಿಗೆ ಹೋಗ್ತದೆ?" ಎಂದಳು.

ದಿನಕ್ಕೆ ನಾಲ್ಕು ಸಲ. ಊಟಕ್ಕೆ ಕೂತವಳು ತಟ್ಟೆಯ ಅನ್ನದಲ್ಲಿ ಬೆರಳಿನಿಂದ ಗೀರು ಎಳೆದು ಲೆಕ್ಕ ಹಾಕಿದೆ. ಊಟ ಚೆನ್ನಾಗಿತ್ತು, ಅದು ಬೇರೆ.

ಕೊನೆಗೆ ಸಿಕ್ಕಿತಾ ಎಂದು ನೀವು ಕೇಳ್ತೀರಿ. ಮೂರು ತಿಂಗಳ ನಂತರ ಬೆಂಗಳೂರಿನಿಂದ ಬಂತು, ಅರ್ಧದಷ್ಟು. ಉಳಿದ ಅರ್ಧ ಗೀರಿ ಹೋಗಿದೆ ಅಂತೆ. ನಮ್ಮವರು ರೆಕಾರ್ಡ್ ಮಾಡಿದ ತಾಳಮದ್ದಳೆ ಹೋಯಿತು, ಶಶಿಕಲಾ ಶಾಲೆಯಲ್ಲಿ ಹಾಡಿದ್ದು ಹೋಯಿತು. ಸಿಸಿಲಿ ಬಾಯಿಯದ್ದು ಸಿಕ್ಕಿದ ಅರ್ಧದಲ್ಲಿ ಇತ್ತು. ನತಾಲ್ ಬಾಯಿ ಹೇಳಿದ್ದು ಇಷ್ಟೇ. ಇವಳ ಸಾರಿಗೆ ಉಪ್ಪು ಹೆಚ್ಚು, ಬೀಗರೇ ಬೈಯಬೇಡಿ. ಇವಳ ಅಪ್ಪ ಹೋದ ವರ್ಷ ನಾನು ಮಲಗಿದವಳು ಏಳಲಿಲ್ಲ. ನನ್ನ ಮನೆಯ ಒಲೆ ಆರದ ಹಾಗೆ ನೋಡಿದವಳು ಇವಳೇ. ಶಶಿಕಲಾ ಅದನ್ನು ಫೋನಿಗೆ ಕಳಿಸಿದಳು. ಸ್ವಲ್ಪ ಹೊತ್ತು ಬಿಟ್ಟು ಸಿಸಿಲಿ ಬಾಯಿ ಕರೆ ಮಾಡಿ, "ಉಪ್ಪು ಹೆಚ್ಚಲ್ಲ ಗುಲಾಬಕ್ಕ, ಅಮ್ಮನ ನಾಲಗೆಯೇ ಸಪ್ಪೆ" ಎಂದು ಹೇಳಿ ಫೋನ್ ಇಟ್ಟರು.

ಅದೆಲ್ಲ ಮೂರು ತಿಂಗಳ ನಂತರದ್ದು. ರೋಸಿನ ಮರುದಿನ ಬೆಳಿಗ್ಗೆ ನನಗೆ ಅದೊಂದೂ ಗೊತ್ತಿರಲಿಲ್ಲ. ಶಶಿಕಲಾ ಸ್ನಾನಕ್ಕೆ ಹೋದ ಹೊತ್ತು ನೋಡಿ ಡಿಸ್ಕನ್ನು ಟವೆಲಿನಲ್ಲಿ ಸುತ್ತಿ ಚೀಲಕ್ಕೆ ಹಾಕಿಕೊಂಡೆ. ಉಡುಪಿಗೆ ಒಂದು ಬಸ್ಸು, ಮಣಿಪಾಲಕ್ಕೆ ಇನ್ನೊಂದು. ಹಮೀದ್ ಬಂದು ಶಟರ್ ಎತ್ತುವಾಗ ನಾನು ಅಂಗಡಿಯ ಮೆಟ್ಟಿಲ ಮೇಲೆ ಕೂತಿದ್ದೆ.

"ಇನ್ನೂ ಬೈಯಲಿಕ್ಕೆ ಬಾಕಿ ಉಂಟಾ ಅಮ್ಮ?" ಎಂದು ಕೇಳಿದ.

"ಈಗ ಬೈಯುವುದು ನೀನು. ಅಲ್ಲಾಡಿಸಿದ್ದು ನಾನು. ಲೈಟ್ ಇರುವಾಗಲೇ, ಎರಡು ಸಲ."

ಅವನು ಬೈಯಲಿಲ್ಲ. "ಆಮೇಲೆ ಎಷ್ಟು ಸಲ ಕನೆಕ್ಟ್ ಮಾಡಿದಿರಿ?" ಎಂದ.

"ಇಪ್ಪತ್ತೆರಡು ದಿನ. ದಿನಾ."

ಹಣೆ ಉಜ್ಜಿಕೊಂಡ. ಬೆಂಗಳೂರಿಗೆ ಕಳಿಸುವ ಕಾಗದ ತೆಗೆದು ಒಂದೊಂದೇ ಓದಿ ಹೇಳಿದ. ನೀರು ಬಿದ್ದಿದೆಯೇ, ಕರೆಂಟ್ ಹೆಚ್ಚಾಗಿದೆಯೇ, ಓಡುವಾಗ ಅಲ್ಲಾಡಿದೆಯೇ. ಅಲ್ಲಾಡಿದೆ ಎಂಬಲ್ಲಿ ಗುರುತು ಹಾಕಿದ.

"ಯಾರು ಅಂತ ಬರೀಲಿಕ್ಕೆ ಜಾಗ ಇಲ್ವಾ?"

"ಅದು ಅವರಿಗೆ ಬೇಡ ಅಮ್ಮ."

"ನನಗೆ ಬೇಕು. ಬದಿಯಲ್ಲಿ ಬರಿ. ಗುಲಾಬಿ, ಕಾಪು. ಮಗಳು ಅಲ್ಲ, ಅಂಗಡಿಯವ ಅಲ್ಲ, ತಾಯಿ."

ಬರೆದ. ಅದರ ಕೆಳಗೆ ನಾನು ಮೂರು ಅಕ್ಷರ ಎಳೆದು ಸಹಿ ಹಾಕಿದೆ. ಅದರ ಫೋಟೋ ತೆಗೆದು ಶಶಿಕಲಾಳಿಗೆ ಕಳಿಸು, ಗುಂಪಿಗೆ ಹಾಕಲಿಕ್ಕೆ ಹೇಳು ಎಂದೆ. "ನೀವೇ ಹೇಳಬಹುದಲ್ಲ ಅಮ್ಮ, ಮಗಳಲ್ವಾ?" ಎಂದ. ಮೊದಲು ಅವಳು ಓದಲಿ, ಆಮೇಲೆ ಎದುರಿಗೆ ಹೋಗಿ ಹೇಳ್ತೇನೆ ಎಂದು ಕೆಳಗೆ ಇಳಿದೆ.

ಅವಳು ಅಷ್ಟು ಹೊತ್ತಿಗೆ ಕಾರ್ಕಳದ ಮದುವೆಯ ಹಾಲ್‌ನಲ್ಲಿ ಬಾಕ್ಸ್ ಇಳಿಸುತ್ತಿದ್ದಿರಬೇಕು. ಕಾರ್ಕಳದ ಬಸ್ಸು ಹತ್ತಿ ಮುಂದಿನ ಸೀಟಿನಲ್ಲಿ ಕೂತೆ. ಪರ್ಕಳ ದಾಟುವಾಗ ಚೀಲದಲ್ಲಿ ಫೋನ್ ಬಡಿದುಕೊಂಡಿತು, ಶಶಿಕಲಾಳದ್ದು. ಕಂಡಕ್ಟರ್ ಟಿಕೆಟ್ ಎಂದು ಕೈ ಚಾಚಿದ್ದ. ಅವನಿಗೆ ನಿಲ್ಲು ಎಂದು ಸನ್ನೆ ಮಾಡಿ ಫೋನ್ ತೆಗೆದೆ.